ಮಂಗಳವಾರದ ಫೋನು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸರಿಯಾಗಿ ಫೋನು ಬಡಿದುಕೊಂಡಿತು ನಿಜ. ಆದರೆ ಎತ್ತಿದರೆ ಆ ಕಡೆ ಮನುಷ್ಯರೇ ಇಲ್ಲ! “ಅಭಿನಂದನೆಗಳು. ನಿಮ್ಮ ಅಂಕ ಎರಡಕ್ಕೆ ಇಳಿದಿದೆ. ನೀವು ಗುಣ ಹೊಂದಿದ್ದೀರಿ. ಇಂದಿನಿಂದ ನಿಮ್ಮ ಕರೆಗಳು ಮುಕ್ತಾಯವಾಗಿವೆ” ಎಂದು ರೆಕಾರ್ಡಿನ ದನಿಯೊಂದು ನಯವಾಗಿ ಹೇಳಿ, ತಾನೇ ಕಟ್ ಮಾಡಿಕೊಂಡಿತು.

“ಗುಣ ಆಯ್ತಂತೆ! ನಿನ್ನ ಬಾಯಿಗಿಷ್ಟು ಮಣ್ಣು ಹಾಕ!” ಎಂದು ಆಪರೇಟರಮ್ಮ ಸತ್ತ ಫೋನಿಗೇ ಬೈದಳು. ಅವಳ ಮೈಯೆಲ್ಲ ಉರಿಯುತ್ತಿತ್ತು.

ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ದೂರದ ಊರುಗಳಿಗೆ ಲೈನು ಜೋಡಿಸಿದವಳು ಅವಳು. ಕಟ್ಟಡದವರಿಗೆಲ್ಲ ಅವಳು ಆಪರೇಟರಮ್ಮನೇ. ಹದಿನಾರು ತಿಂಗಳ ಹಿಂದೆ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಮೂರು ಮಹಡಿಯ ಮೆಟ್ಟಿಲು ಇಳಿಯುವ ಶಕ್ತಿ ಕಾಲಿಗೆ ಬರಲಿಲ್ಲ. ಲಿಫ್ಟಿನ ಬಾಗಿಲಿಗೆ ‘ರಿಪೇರಿಯಲ್ಲಿದೆ’ ಎಂದು ತಗುಲಿಸಿದ ಬೋರ್ಡೇ ಬಣ್ಣ ಕಳೆದುಕೊಂಡಿತ್ತು, ಅಷ್ಟು ಹಳೆಯ ರಿಪೇರಿ. ಕ್ರಮೇಣ ಊಟ ರುಚಿಸದಾಯಿತು, ಬಾಚಣಿಗೆ ಮುಟ್ಟುವುದು ನಿಂತಿತು, ಹಗಲೂ ಹಾಸಿಗೆಯೇ ಗತಿಯಾಯಿತು. ಅವಳ ಜೊತೆಗಿರುವ ತಂಗಿ ಹಗಲೆಲ್ಲ ಹೊಲಿಗೆ ಅಂಗಡಿಯಲ್ಲಿ ದುಡಿದು ಬರುವವಳು. “ಹೀಗೆ ಗೋಡೆ ನೋಡ್ಕೊಂಡು ಮಲಗಿದ್ರೆ ನಾನೇನು ಮಾಡ್ಲಿ ಹೇಳಕ್ಕಾ” ಎಂದು ಒಂದು ಸಂಜೆ ಗೊಳೋ ಎಂದು ಅತ್ತಳು. ಮರುದಿನ ಆಸ್ಪತ್ರೆಗೆ ಹೋಗಿ ಡಾಕ್ಟರ ಮುಂದೆ ಕೂತು, ಮನೆಬಿಟ್ಟು ಹೊರಡಲಾರದ ಮುದುಕರಿಗೆಂದೇ ಇರುವ ಖಿನ್ನತೆಯ ಫೋನ್ ಚಿಕಿತ್ಸೆಗೆ ಅಕ್ಕನ ಹೆಸರು ಬರೆಸಿದಳು.

ಹಾಗೆ ಬಂದವಳು ಮಂಗಳವಾರದವಳು. ಆ ಅಡ್ಡಹೆಸರು ಇಟ್ಟದ್ದು ತಂಗಿ. ಫೋನು ಮಾಡುವ ಸಲಹೆಗಾರ್ತಿ ಮೊದಲು ಒಂಬತ್ತು ಪ್ರಶ್ನೆ ಕೇಳುತ್ತಿದ್ದಳು. ನಿದ್ದೆ ಹೇಗೆ, ಹಸಿವು ಹೇಗೆ, ಬೇಸರ ಎಷ್ಟು ದಿನ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಹೆಚ್ಚು ಬಂದಷ್ಟೂ ಕಾಯಿಲೆ ಜೋರು. ಅದಾದ ಮೇಲೆ ನಿಜವಾದ ಮಾತು. ಕೊನೆಗೊಂದು ಪುಟ್ಟ ಕೆಲಸ. “ನಾಳೆ ತಲೆ ಬಾಚ್ಕೊಳ್ಳಿ ಅಮ್ಮ. ಅಷ್ಟೇ, ಇನ್ನೇನೂ ಬೇಡ” ಎಂದಿದ್ದಳು ಮೊದಲ ವಾರ.

“ಇದನ್ನ ಹೇಳೋಕೆ ಇಷ್ಟೆಲ್ಲ ಓದ್ಬೇಕಾಗಿತ್ತಾ?” ಎಂದು ಆಪರೇಟರಮ್ಮ ಗೇಲಿ ಮಾಡಿದಳು. ಆದರೂ ಬಾಚಿಕೊಂಡಳು. ಮುಂದಿನ ವಾರ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದಳು. ಅದರ ಮುಂದಿನ ವಾರ ತಂಗಿಯ ಜೊತೆ ಮೇಜಿನ ಮುಂದೆ ಕೂತು ಉಂಡಳು. ಹಾಸಿಗೆಯಲ್ಲಿ ಅಲ್ಲ ಎಂಬುದೇ ದೊಡ್ಡ ಸಂಗತಿ.

ತಪ್ಪಾದದ್ದು ನಾಲ್ಕನೇ ವಾರ. ಅವತ್ತು ಸಲಹೆಗಾರ್ತಿ ಹುಡುಗಿಯ ದನಿ ಸೋತಿತ್ತು. ಬಿಡದೆ ಕೆದಕಿದ್ದಕ್ಕೆ ಬಾಯಿಬಿಟ್ಟಳು: “ನನ್ನ ಪೇಷಂಟ್‌ಗಳ ಅಂಕ ಬೇಗ ಇಳೀತಿಲ್ಲ ಅಂತ ಮೇಲಿನವರು ಗುರ್ ಅಂತಿದ್ದಾರೆ ಅಮ್ಮ. ಬಿಡಿ, ನಿಮಗ್ಯಾಕೆ ಅದೆಲ್ಲ.”

ತನಗ್ಯಾಕೆ ಅಂದರೆ ಹೇಗೆ? ಎಕ್ಸ್‌ಚೇಂಜಿನಲ್ಲೂ ಬೆನ್ನ ಹಿಂದೆ ಗಡಿಯಾರ ಹಿಡಿದು ಒಬ್ಬ ನಿಂತಿರುತ್ತಿದ್ದ. ಯಾರಾದರೂ ಗೆಳತಿ ಅವನ ಕಣ್ಣಿಗೆ ಬಿದ್ದಳೆಂದರೆ, ಪಕ್ಕದ ಬೋರ್ಡಿನವರು ಅವಳ ಪಾಲಿನ ಕಿರಿಕಿರಿ ಕರೆಗಳನ್ನು ಸದ್ದಿಲ್ಲದೆ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಆಪರೇಟರಮ್ಮನ ಕೈ ಇಲ್ಲೂ ಅದನ್ನೇ ಮಾಡಿತು. ವಾರಕ್ಕೆ ಮೂರು ನಾಲ್ಕು ಅಂಕ ಇಳಿಸುತ್ತ ಬಂದಳು. ನಿದ್ದೆಯೇ? ಸೊಗಸಾಗಿ ಬರುತ್ತದೆ. ಹಸಿವೇ? ಓಹೋ! ಸತ್ತುಹೋಗಿದ್ದರೆ ಚೆನ್ನಾಗಿತ್ತು ಅನಿಸುತ್ತದೆಯೇ ಎಂಬ ಒಂಬತ್ತನೇ ಪ್ರಶ್ನೆಗೂ “ಛೆ ಛೆ, ಇಲ್ಲಮ್ಮ” ಎಂದು ನಕ್ಕುಬಿಟ್ಟಳು. ಹುಡುಗಿಯನ್ನು ಕಾಪಾಡಲು ಹೋಗಿ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಳು.

ಈಗ ಆ ಫೋನ್ ಚಿಕಿತ್ಸೆಯ ಕಚೇರಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ನಲವತ್ತು ನಿಮಿಷ ಅದೇ ಹಾಳು ಸಂಗೀತ. ಆಪರೇಟರಮ್ಮ ಫೋನಿಟ್ಟು ಕನ್ನಡಕ ಒರೆಸಿಕೊಂಡಳು. ಕಚೇರಿಗಳ ನಂಬರುಗಳು ಸಾಲಾಗಿರುತ್ತವೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊನೆಯ ಅಂಕಿಯನ್ನು ಒಂದೊಂದೇ ಏರಿಸುತ್ತ ಹೋದಳು. ಮೊದಲೆರಡು ಸುಮ್ಮನೆ ಬಡಿದುಕೊಂಡವು. ಮೂರನೆಯದಕ್ಕೆ ಒಬ್ಬ ಗಂಡಸು ಸಿಕ್ಕಿಬಿದ್ದ. ಅವನೇ ಹುಡುಗಿಯ ಮೇಲ್ವಿಚಾರಕ!

“ಈ ನಂಬರ್ ನಿಮಗೆ ಯಾರು ಕೊಟ್ರು?”

“ನನ್ನ ಮೂವತ್ತನಾಲ್ಕು ವರ್ಷದ ಸರ್ವೀಸು ಕೊಡ್ತು. ನನ್ನ ಮಂಗಳವಾರದ ಫೋನ್ ಯಾಕೆ ನಿಲ್ಸಿದ್ರಿ?”

ಅವನು ಹೆಸರು ಕೇಳಿಕೊಂಡು ಕಂಪ್ಯೂಟರ್ ಕುಟ್ಟಿ ನೋಡಿದ. “ಅಂಕ ಐದಕ್ಕಿಂತ ಕೆಳಗೆ ಬಂದ್ರೆ ಫೈಲು ತಾನಾಗೇ ಕ್ಲೋಸ್ ಆಗುತ್ತೆ ಅಮ್ಮ. ನೀವು ಖುಷಿ ಪಡ್ಬೇಕು.”

“ಆ ಅಂಕ ಸುಳ್ಳು. ಹುಡುಗಿ ಬೆನ್ನ ಹಿಂದೆ ನೀವು ನಿಂತಿದ್ದೀರಿ ಅಂತ ನಾನೇ ಇಳಿಸಿದ್ದು. ಅವಳ ತಪ್ಪು ಏನೂ ಇಲ್ಲ.”

“ಹಾಗಾದ್ರೆ ನೀವು ಮತ್ತೆ ಆಸ್ಪತ್ರೆಗೆ ಬಂದು ಹೊಸದಾಗಿ ತೋರಿಸ್ಕೋಬೇಕು...”

“ಬರೋಕಾಗಿದ್ರೆ ನಿಮ್ಮ ಫೋನು ನನಗ್ಯಾಕಪ್ಪ ಬೇಕಿತ್ತು?” ಅವಳ ದನಿ ತಾರಕಕ್ಕೇರಿತು. “ಮನೆಯಿಂದ ಹೊರಗೆ ಬರೋಕಾಗದವರಿಗೆ ಅಂತ ಇಟ್ಕೊಂಡು, ಆಸ್ಪತ್ರೆ ಬಾಗಿಲಿಗೆ ಬನ್ನಿ ಅಂತೀರಲ್ಲ, ನಾಚಿಕೆ ಆಗಲ್ವಾ? ಮೂರು ಮಹಡಿ ಹೊತ್ಕೊಂಡು ಇಳಿಸೋಕೆ ನೀವು ಬರ್ತೀರಾ?”

“ನಿಯಮ ಅಮ್ಮ. ಸರಿ, ಇಡ್ತೀನಿ.”

“ಇಡಬೇಡಿ! ನಮ್ಮ ಎಕ್ಸ್‌ಚೇಂಜಲ್ಲಿ ಮಾತು ಮುಗೀತಾ ಅಂತ ಕೇಳದೆ ಯಾರ ಲೈನೂ ಕೀಳ್ತಿರಲಿಲ್ಲ. ನನ್ನನ್ನ ಯಾರು ಕೇಳಿದ್ರು? ಆ ಒಂಬತ್ತು ಪ್ರಶ್ನೆ ನಿಮ್ಮ ಮುಂದೆ ಇದೆಯಲ್ಲ, ನೀವೇ ಕೇಳಿ. ಈಗಲೇ ಕೇಳಿ.”

ಪೀಡೆ ತೊಲಗಲಿ ಎಂದೋ ಏನೋ, ಅವನು ಗಡಗಡ ಓದತೊಡಗಿದ. ಅವಳು ನಿಜ ಹೇಳತೊಡಗಿದಳು. ಎರಡು. ಮೂರು. ಮೂರು. ನಾಲ್ಕನೆಯದರ ಹೊತ್ತಿಗೆ ಅವನ ವೇಗ ತಗ್ಗಿತು. ಏಳನೆಯದರ ಹೊತ್ತಿಗೆ ಕೀಲಿಗಳ ಸದ್ದೇ ನಿಂತಿತು. ಸಾವಿರಾರು ಜನರ ಅಂಕ ದಿನಾ ನೋಡುವವನು ಈ ಪ್ರಶ್ನೆಗಳನ್ನು ತನ್ನ ಬಾಯಲ್ಲಿ ಒಬ್ಬರಿಗೂ ಕೇಳಿರಲಿಲ್ಲ. ಒಂಬತ್ತನೆಯದನ್ನು ಒಂದೊಂದೇ ಪದ ಎತ್ತಿ ನಿಧಾನವಾಗಿ ಕೇಳಿದ.

“ಸತ್ತುಹೋಗಿದ್ರೆ ಚೆನ್ನಾಗಿತ್ತು ಅಂತ... ಅನ್ಸುತ್ತಾ ಅಮ್ಮ? ಎಷ್ಟು ದಿನ?”

ಆಪರೇಟರಮ್ಮ ಕಿಟಕಿಯ ಪಕ್ಕದ ಕುರ್ಚಿಯನ್ನು ನೋಡಿದಳು. ಅದರ ಮೇಲೆ ಬಾಚಣಿಗೆ ಇತ್ತು. ಕೋಪವೆಲ್ಲ ಇಳಿದು ಅಳು ಉಕ್ಕಿತು.

“ದಿನಾ ಅನ್ಸುತ್ತಪ್ಪ” ಎಂದಳು. “ಮಂಗಳವಾರ ಒಂದು ಬಿಟ್ಟು.”

“ಅಮ್ಮ, ಫೋನ್ ಇಡಬೇಡಿ” ಎಂದು ಅವನು ಅವಸರಿಸಿದ. “ ದಯವಿಟ್ಟು ಇಡಬೇಡಿ. ಮನೇಲಿ ಯಾರಿದ್ದಾರೆ? ಅವ್ರ ನಂಬರ್ ಹೇಳಿ, ಕರೆಸ್ತೀನಿ.”

ಅವಳು ತಂಗಿಯ ನಂಬರು ಹೇಳಿದಳು. “ನಾನು ಇಡೋಳಲ್ಲ. ಮಧ್ಯದಲ್ಲಿ ಇಡೋದು ನಿಮ್ಮ ಆಫೀಸಿನ ಅಭ್ಯಾಸ.”

ಕುರ್ಚಿ ಹಿಂದಕ್ಕೆ ಸರಿದ ಸದ್ದು, ಓಡುವ ಬೂಟಿನ ಸದ್ದು, ಯಾರನ್ನೋ ಕೂಗಿ ಕರೆದದ್ದು ಎಲ್ಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ಏದುಸಿರಿನ ದನಿ. ಮಂಗಳವಾರದವಳು.

“ಅಮ್ಮಾ! ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರಿ?” ಅವಳು ಅಳುತ್ತಿದ್ದಳು, ಸಿಟ್ಟಿನಿಂದಲೂ ಇದ್ದಳು.

“ಆಮೇಲೆ ಬೈಯುವಿಯಂತೆ. ಮೊದಲು ಕೂತ್ಕೋ” ಎಂದಳು ಆಪರೇಟರಮ್ಮ ಮೂಗು ಒರೆಸಿಕೊಳ್ಳುತ್ತ. “ನನ್ನ ಮಾತು ಇನ್ನೂ ಮುಗಿದಿಲ್ಲ.”