ಪಾಚಿಗೆ ಕೊಟ್ಟ ಮಾತು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಸೋಮವಾರ. ಶಾಲೆಯಲ್ಲಿ ಹದಿಮೂರರ ಮಗ್ಗಿ ಒಪ್ಪಿಸಬೇಕಿತ್ತು. ಆಮೇಲೆ ಎಷ್ಟೋ ಊರು ಕಂಡೆ. ಅವುಗಳಲ್ಲಿ ಒಂದರ ಹೆಸರು ಹೇಳುವುದಿಲ್ಲ, ಕಥೆ ಮಾತ್ರ ಹೇಳುತ್ತೇನೆ.

ಆ ಊರಿನವರು ಭತ್ತವನ್ನು ನೆನೆಸಿ, ಬೇಯಿಸಿ, ಅಕ್ಕಿ ಮಾಡಿ ಮಾರುತ್ತಿದ್ದರು. ನೆನೆಸಿದ ನೀರೆಲ್ಲ ಹರಿದು ಊರ ಹೊಂಡಕ್ಕೆ ಸೇರಿ, ಹುಳಿತು ನಾರುತ್ತಿತ್ತು. ಬಂದ ಬೀಗರು ಉಣ್ಣದೆ ಎದ್ದು ಹೋಗುತ್ತಿದ್ದರು. ಕಡೆಗೆ ಗಿರಣಿಯ ಯಜಮಾನ ಎಲ್ಲಿಂದಲೋ ಒಂದು ಕೊಡ ಪಾಚಿ ತರಿಸಿ, ದಂಡೆಯಲ್ಲಿ ಕೂತು ಮಾತಾಡಿದ.

"ನೋಡ್ರವ್ವಾ, ಈ ಗಲೀಜು ತಿಂದು ನೀರು ತಿಳಿ ಮಾಡಿಕೊಡಿ. ಆಮೇಲೆ ಹೊಂಡ ನಿಮ್ಮದೇ."

ಪಾಚಿಗಳಲ್ಲಿ ಹಿರಿಯಳಾದ ಅಜ್ಜಿ ಕೇಳಿದಳು: "ತಿಳಿಯಾದ ಮೇಲೂ ಇರಬಹುದಾ?"

"ನಿಮ್ಮನ್ನ ಹೋಗಿ ಅನ್ನೋಕೆ ನಾವ್ಯಾರು!"

ಹೋದಲ್ಲೆಲ್ಲ ಕೆರೆಸಿಕೊಂಡು ಬಂದ ಆ ಪಾಚಿಗಳಿಗೆ ನೆಲೆನಿಲ್ಲಲು ಒಂದಿಷ್ಟು ನೀರು ಬೇಕಿತ್ತು. ಬಿಸಿಲು ಕುಡಿದು, ಕೊಳೆ ತಿಂದು, ಹೊಂಡದ ತುಂಬ ಹಬ್ಬಿದರು. ಹೆಚ್ಚಾದವರನ್ನು ಗಿರಣಿಯವರು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಎಣ್ಣೆ ತೆಗೆದರು. ಅದರಿಂದ ಎಂಜಿನ್ ಓಡಿತು, ದೀಪ ಉರಿಯಿತು. "ನೋಡಜ್ಜೀ, ನಮ್ಮವರೇ ಬೆಳಗ್ತಿದಾರೆ," ಎಂದು ಚಿಕ್ಕವರು ಹಿಗ್ಗುತ್ತಿದ್ದರು. ಅಜ್ಜಿ ಮಾತ್ರ ನೀರಿನ ತಳ ಕಂಡಿತೇ ಎಂದು ನೋಡುತ್ತಿದ್ದಳು.

ತಳ ಕಂಡಿತು. ಊರಿಗೆ ಊರೇ ಕೊಡ ಹಿಡಿದು ಬಂತು. ಮುಂದೆ ಇಳಿದ ಹೆಂಗಸು ಮೂಗು ಮುರಿದಳು.

"ಥೂ, ಪಾಚಿ! ಇದನ್ನ ಇಟ್ಟುಕೊಂಡು ಗಂಗೆ ಪೂಜೆ ಮಾಡೋದಾ?"

"ಕಾಲೂ ಜಾರ್ತದೆ," ಎಂದ ಅವಳ ಗಂಡ.

ಎಲ್ಲರೂ ಯಜಮಾನನ ಮುಖ ನೋಡಿದರು. ಅಜ್ಜಿಯೂ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡ.

"ಮಾತು ಕೊಟ್ಟಿದ್ದು ಹೌದು. ಆದರೆ ಆಗ ನೀರು ಹೀಗಿರಲಿಲ್ಲವಲ್ಲ."

ಪೊರಕೆ ಬಂತು, ಸುಣ್ಣ ಬಂತು. ಸಂಜೆ ಪೂಜೆಗೆ ದಂಡೆಯುದ್ದಕ್ಕೂ ದೀಪ ಹಚ್ಚಿದರು; ಎಣ್ಣೆ ಪಾಚಿಯದೇ.

ಗಿರಣಿ ನಿಲ್ಲಲಿಲ್ಲ, ನೆನೆಸಿದ ನೀರೂ ನಿಲ್ಲಲಿಲ್ಲ. ಹೊಂಡ ಮತ್ತೆ ನಾರಿತು. ಎಣ್ಣೆಯೂ ತಳ ಮುಟ್ಟಿತು. ಆ ಹೊತ್ತಿಗೆ ಊರಿಗೆ ಬಂದು ಯಜಮಾನನ ಜಗಲಿಯಲ್ಲಿ ಇಳಿದುಕೊಂಡಿದ್ದ ನನ್ನ ಹತ್ತಿರ ಅವನು ಬಂದು ಕೂತ.

"ಊರೂರು ತಿರುಗೋನು ನೀನು. ಎಲ್ಲಾದರೂ ಪಾಚಿ ಸಿಕ್ಕರೆ ಕಳಿಸಪ್ಪಾ."

"ಎಂಥಾದ್ದು ಬೇಕು?"

"ಎಂಥಾದ್ದಾದರೂ ಸರಿ. ನಮ್ಮೂರಿನ ಸುದ್ದಿ ಕೇಳಿರಬಾರದು, ಅಷ್ಟೇ."

ನೋಡ್ತೀನಿ ಎಂದೆ. ಅವನು ಎದ್ದು ಹೋದ ಮೇಲೆ ಹೊಂಡಕ್ಕೆ ಇಳಿದೆ. ಪೊರಕೆ ಮುಟ್ಟದ ಕಲ್ಲಿನ ಸಂದಿಯಲ್ಲಿ ಅಜ್ಜಿ ಒಬ್ಬಳೇ ಉಳಿದಿದ್ದಳು. ಅವಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನನ್ನ ಗಂಟಿನ ಮೇಲುಗಡೆ ಇಟ್ಟೆ.

"ಮುಂದಿನ ಊರಲ್ಲಿ ನೀರು ಹೇಗಿದೆಯೋ?" ಎಂದಳು.

"ಇದಕ್ಕಿಂತ ಗಲೀಜಂತೆ."

"ಹಾಗಾದರೆ ಮರ್ಯಾದೆ ಮಾಡ್ತಾರೆ, ನಡಿ."

ನಾನು ಗಂಟು ಬಿಗಿದೆ.