ಫ್ರೀ ಸಾಫ್ಟ್‌ವೇರಿನ ತಪ್ಪು

ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಸಾಮಿಯಾಳಿಗೆ ಹೋದ ಉಸಿರು ಬಂದಂತಾಯಿತು. ತಾನೇ ಬರೆದ ಲಿಫ್ಟಿನ ಕಂಟ್ರೋಲ್ ಬೋರ್ಡಿನ ಡಿಸೈನನ್ನು ಹೊಸ ಸಾಫ್ಟ್‌ವೇರಿನಲ್ಲಿ ತೆರೆದಿದ್ದಳು. ಬಲತುದಿಯಲ್ಲಿ, ವೈರು ಸಿಕ್ಕಿಸುವ ಕನೆಕ್ಟರಿನ ತೂತುಗಳು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದವು. ಹೀಗೇ ಬೋರ್ಡು ಮಾಡಿಸಿದರೆ ಕನೆಕ್ಟರ್ ಕೂರುವುದೇ ಇಲ್ಲ. ಬಿಟ್ಟಿ ಸಿಗುವುದರ ಹಣೆಬರಹವೇ ಇಷ್ಟು ಎಂದುಕೊಂಡು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಳು.

ಗರುಡಾಚಾರ್‌ಪಾಳ್ಯದ ಆ ಪುಟ್ಟ ಕಾರ್ಖಾನೆ ಶುರುವಾದಾಗಿನಿಂದ ಬೋರ್ಡುಗಳ ಡಿಸೈನೆಲ್ಲ ಅವಳದೇ. ದುಡ್ಡು ಕೊಟ್ಟು ತರಿಸಿದ ಸಾಫ್ಟ್‌ವೇರು ಅವಳ ಬೆರಳುಗಳಿಗೆ ಎಷ್ಟು ಒಗ್ಗಿತ್ತೆಂದರೆ ಕೀಬೋರ್ಡ್ ನೋಡದೆಯೇ ಗೆರೆ ಎಳೆಯುತ್ತಿದ್ದಳು. ಈ ವರ್ಷ ಅದರ ಲೈಸೆನ್ಸಿನ ದರ ವಿಪರೀತ ಏರಿತ್ತು. ಸೋಮವಾರ ಮಾಲೀಕ ಪ್ರೇಮ್‌ಕುಮಾರ್ ಅವಳನ್ನು ತನ್ನ ಕೋಣೆಗೆ ಕರೆಸಿ ಬಾಗಿಲು ಮುಂದೆ ಮಾಡಿದ್ದ.

"ಮೇಡಂ, ಇದನ್ನೇ ಇಟ್ಕೋಬೇಕು ಅಂದ್ರೆ ಯಮುನಾನ ಇಟ್ಕೊಳ್ಳೋಕೆ ನನ್ ಕೈಲಾಗಲ್ಲ. ಫ್ರೀ ಸಾಫ್ಟ್‌ವೇರಲ್ಲಿ ಕೆಲಸ ನಡೆಯುತ್ತೆ ಅಂದ್ರೆ ಅವಳೂ ಇರ್ಲಿ. ಎರಡೂ ನೋಡಿ ಶುಕ್ರವಾರ ಹೇಳಿ. ಅವಳ ಕಿವಿಗೆ ಈಗ್ಲೇ ಬೀಳೋದು ಬೇಡ."

ಯಮುನಾ ಹೋದ ವರ್ಷ ಸೇರಿದ ಹುಡುಗಿ. ಕಾಲೇಜಿನಲ್ಲಿ ಕಲಿತದ್ದೇ ಆ ಫ್ರೀ ಸಾಫ್ಟ್‌ವೇರು. ಅದು ಬಂದರೆ ತಾನು ವಿದ್ಯಾರ್ಥಿ, ಅವಳು ಮೇಷ್ಟ್ರು. ಆಮೇಲೆ ಇಬ್ಬರಲ್ಲಿ ಒಬ್ಬರು ಸಾಕು ಎಂದು ಪ್ರೇಮ್‌ಕುಮಾರನಿಗೆ ಅನ್ನಿಸಿದರೆ? ಈ ಲೆಕ್ಕವನ್ನು ಸಾಮಿಯಾ ಸೋಮವಾರದಿಂದ ಹಾಕುತ್ತಲೇ ಇದ್ದಳು.

ಪಕ್ಕದ ಕುರ್ಚಿಯಿಂದ ಯಮುನಾ ಪರದೆಯತ್ತ ಬಗ್ಗಿ ನೋಡಿದಳು. "ಓ, ಇದಾ ಮೇಡಂ? ಹಳೇ ಫೈಲ್ ಇದರೊಳಗೆ ತಂದಾಗ ಒಂದೊಂದು ಹೀಗೆ ಜರುಗತ್ತೆ. ಸರಿಮಾಡ್ಬಹುದು." ಮೌಸ್ ಇಸಿದುಕೊಂಡು ಏನೇನೋ ಒತ್ತಿದಳು. ತೂತುಗಳು ತಮ್ಮ ಜಾಗಕ್ಕೆ ಬಂದು ನಿಂತವು. "ನಿಮಗೆ ಇದು ಕಲಿಯೋ ಆಸೆ ಇದೆ ಅಂತ ಗೊತ್ತೇ ಇರ್ಲಿಲ್ಲ. ಮೊದ್ಲೇ ಹೇಳ್ಕೊಡ್ತಿದ್ದೆ."

ಅವಳ ಮುಖ ಅರಳಿತ್ತು. ಸಾಮಿಯಾ ಥ್ಯಾಂಕ್ಸ್ ಎಂದಳು. ಸ್ಕ್ರೀನ್‌ಶಾಟ್ ಮಾತ್ರ ಅಳಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಾಕ್ಸ್‌ಟೌನಿನ ಮನೆಯಲ್ಲಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಅಫ್ತಾಬ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಹೊಸ ಸಾಫ್ಟ್‌ವೇರು ಕೆಟ್ಟದಾ?" ಎಂದು ಕೇಳಿದ.

"ಕೆಟ್ಟದೇನಲ್ಲ."

"ಮತ್ತೆ?"

"ನನಗೆ ಬರಲ್ಲ," ಎಂದಳು. ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅಫ್ತಾಬ್ ಲೋಟ ಎತ್ತಿಕೊಂಡು ಆ ಸಿಹಿ ಚಹಾವನ್ನೇ ಕುಡಿದು ಮುಗಿಸಿದ.

ಮಧ್ಯಾಹ್ನ ಪ್ರೇಮ್‌ಕುಮಾರನ ಎದುರು ಕೂತಾಗ ಬಾಯಿಗೆ ಮೊದಲು ಬಂದದ್ದು ಕನೆಕ್ಟರಿನ ಕತೆಯೇ. ಫೋನಿಗೆ ಕಳಿಸಿಕೊಂಡಿದ್ದ ಸ್ಕ್ರೀನ್‌ಶಾಟನ್ನೂ ತೋರಿಸಿದಳು. ಅವನು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಹೀಗೆಲ್ಲ ಆದ್ರೆ ಲಿಫ್ಟ್ ಕಂಪನಿಯವರು ನಮ್ಮನ್ನ ಬಿಡ್ತಾರಾ? ಬೇಡ ಬಿಡಿ, ಹಳೇದೇ ಇರ್ಲಿ. ಯಮುನಾಗೆ ನಾನೇ ಹೇಳ್ತೀನಿ." ಅವಳನ್ನು ಕರೆಯಲು ಇಂಟರ್‌ಕಾಮ್ ಎತ್ತಿಕೊಂಡು ಗುಂಡಿ ಒತ್ತಿದ.

ಇಷ್ಟು ಸಲೀಸಾಗಿ ಮುಗಿಯುತ್ತದೆಂದು ಸಾಮಿಯಾ ಎಣಿಸಿರಲಿಲ್ಲ. ಗಾಜಿನಾಚೆ ಯಮುನಾ ಯಾವುದೋ ಬೋರ್ಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಇಂಟರ್‌ಕಾಮ್ ಗಂಟೆ ಕೇಳಿ ಈ ಕಡೆ ತಿರುಗಿದಳು.

"ಸ್ವಲ್ಪ ಇಡಿ ಸರ್," ಎಂದಳು ಸಾಮಿಯಾ. "ಅದು ಸರಿಹೋಯ್ತು. ಯಮುನಾನೇ ಸರಿಮಾಡಿದ್ಳು. ನಾನು ನಿಮಗೆ ಅರ್ಧ ಹೇಳಿದೆ."

ಪ್ರೇಮ್‌ಕುಮಾರ್ ಇಂಟರ್‌ಕಾಮ್ ಇಟ್ಟ. "ಹಂಗಾದ್ರೆ ಫ್ರೀದು ನಡೆಯುತ್ತೆ ಅಂತೀರಾ?"

"ನಡೆಯುತ್ತೆ. ಹಳೇ ಬೋರ್ಡುಗಳನ್ನ ಒಂದೊಂದಾಗಿ ಕೂತು ನೋಡ್ಬೇಕು. ನಾನು ನೋಡ್ತೀನಿ. ಆದ್ರೆ ನನಗೆ ಅದು ಬರಲ್ಲ, ಕಲೀಬೇಕು."

"ಒಂದು ಬೋರ್ಡ್ ಕೆಟ್ರೂ ನಾನು ಕೇಳೋದು ನಿಮ್ಮನ್ನೇ."

"ಕೇಳಿ ಸರ್."

"ಮುಂದಿನ ವರ್ಷದ್ದು ಆಗ ನೋಡೋಣ," ಎಂದ ಅವನು. ಅದು ಯಾರನ್ನು ಕುರಿತ ಮಾತೆಂದು ಅವಳು ಕೇಳಲಿಲ್ಲ.

ಹೊರಗೆ ಬಂದಾಗ ಯಮುನಾ ಎದ್ದು ನಿಂತಿದ್ದಳು. "ಸರ್ ಕರೆದ್ರಾ ಮೇಡಂ?"

"ಇಲ್ಲ. ಕೂತ್ಕೋ. ಎಲ್ಲಿಂದ ಶುರು ಮಾಡ್ಬೇಕು ಹೇಳು."

ಯಮುನಾ ಖಾಲಿ ಬೋರ್ಡೊಂದನ್ನು ಪರದೆಯ ಮೇಲೆ ತೆರೆದುಕೊಟ್ಟು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಸಾಮಿಯಾ ಅಭ್ಯಾಸಬಲದಿಂದ ಒಂದು ಕೀ ಒತ್ತಿದಳು. ಗೆರೆ ಬರಲಿಲ್ಲ, ಇನ್ನೇನೋ ತೆರೆದುಕೊಂಡಿತು. ಅದನ್ನು ಮುಚ್ಚಿ, ಕೀಬೋರ್ಡಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಹುಡುಕತೊಡಗಿದಳು. ಯಮುನಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತ ಕೂತಳು.