ಕಂಡಕ್ಟರ್ ತಾತ ಕೊಲ್ಲಿ ದಾಟಿದ್ದು

ಮೂವತ್ನಾಲ್ಕು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ನಿವೃತ್ತರಾಗಿ ಆರು ತಿಂಗಳಾದರೂ ಕೊರಳಿನ ವಿಷಲ್ ಇಳಿದಿರಲಿಲ್ಲ. ಸ್ನಾನ ಮುಗಿಸಿ ಬಂದರೆ ಟವೆಲಿಗಿಂತ ಮೊದಲು ಅದನ್ನೇ ಹುಡುಕುತ್ತಿದ್ದರು. ಮನೆಯಲ್ಲಿ ಕೂತು ಕೂತು ಅಪ್ಪನ ಮುಖ ಬಾಡುವುದನ್ನು ನೋಡಲಾರದೆ ಮಗಳು ಈ ತಿರುಗಾಟಕ್ಕೆ ಏರ್ಪಾಟು ಮಾಡಿದ್ದಳು. ಅಪ್ಪ ಮತ್ತು ತನ್ನ ಗಂಡ ಬೆನ್ನಿಗೊಂದು ಚೀಲ ಹಾಕಿಕೊಂಡು ಎರಡು ದಿನ ಕಡಲಂಚಿನ ಕಾಲುದಾರಿಯಲ್ಲಿ ನಡೆಯುವುದು. ಮೂರನೆಯ ದಿನ ಕಯಾಕ್ ಎಂಬ ಸಪೂರ ದೋಣಿಯಲ್ಲಿ ಕೊಲ್ಲಿ ದಾಟಿ ದೀಪಸ್ತಂಭದ ದಡ ಸೇರುವುದು. ತಾನೂ ಮಗುವೂ ಅಲ್ಲಿ ಕಾಯುವುದು.

ಹೊರಡುವ ದಿನ ಆರು ವರ್ಷದ ಮೊಮ್ಮಗಳು ಎಲ್ಲರೆದುರು ಹೇಳಿಬಿಟ್ಟಳು: "ತಾತ ಬಸ್ಸಲ್ಲೇ ಬರೋದು, ನೋಡ್ತಿರಿ. ತಾತಂಗೆ ಬೇರೇನೂ ಬರಲ್ಲ."

ಎಲ್ಲರೂ ನಕ್ಕರು, ತಾತನೂ ನಕ್ಕರು. ಆದರೆ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು. ಏನೇ ಆಗಲಿ, ಬಸ್ಸಿನಲ್ಲಿ ಮಾತ್ರ ಹೋಗಿ ಇಳಿಯಬಾರದು ಎಂದು ಅಂದೇ ನಿಶ್ಚಯಿಸಿದರು.

ನಡಿಗೆಯ ಎರಡು ದಿನ ಸಲೀಸಾಗಿ ಕಳೆದವು. ಕೆಳಗೆ ಹಸಿರು ನೀರು, ಮೇಲೆ ಬಿಳಿ ಹಕ್ಕಿಗಳ ಗಲಾಟೆ. ಕನ್ನಡಕದಂಗಡಿ ಇಟ್ಟಿದ್ದ ಅಳಿಯ ಬಾಯಿ ಬಿಚ್ಚುವವನಲ್ಲ. ಇಬ್ಬರಿಗೂ ಸಾಲುವಷ್ಟು ಮಾತು ಮಾವನ ಹತ್ತಿರವಿತ್ತು. ತಿರುವು ಬಂದಲ್ಲೆಲ್ಲ ನಿಂತು, ಅಳಿಯ ಬಂದನೋ ಇಲ್ಲವೋ ಎಂದು ಹಿಂತಿರುಗಿ ನೋಡುತ್ತಿದ್ದರು.

ಎಡವಟ್ಟಾದದ್ದು ಆ ಅಭ್ಯಾಸದಿಂದಲೇ. ಮೂರನೆಯ ಬೆಳಿಗ್ಗೆ ದೋಣಿ ಬಾಡಿಗೆಗೆ ಕೊಡುವಾಕೆ ಇಬ್ಬರಿಗೂ ಲೈಫ್ ಜಾಕೆಟ್ ಬಿಗಿದು, ಮಾವನನ್ನು ಮುಂದೆ, ಅಳಿಯನನ್ನು ಹಿಂದೆ ಕೂರಿಸಿದಳು. ಹೊರಡುವ ಮುಂಚೆ ಹತ್ತುವವರೆಲ್ಲ ಹತ್ತಿದರಾ ಎಂದು ಕಂಡಕ್ಟರು ಸೊಂಟ ತಿರುಗಿಸಿ ಪೂರ್ತಿ ಹಿಂದಕ್ಕೆ ನೋಡಿದರು. ಬಸ್ಸು ಅದನ್ನು ಮೂವತ್ನಾಲ್ಕು ವರ್ಷ ತಡೆದುಕೊಂಡಿತ್ತು, ದೋಣಿ ತಡೆದುಕೊಳ್ಳಲಿಲ್ಲ. ಸೊಂಟದಾಳದ ನೀರಿನಲ್ಲಿ ಇಬ್ಬರೂ ಬುಳುಕ್ಕನೆ ಮುಳುಗಿ, ಕೆಮ್ಮುತ್ತಾ ಎದ್ದರು. ಅಳಿಯನ ಕನ್ನಡಕ ಸಮುದ್ರದ ಪಾಲಾಗಿತ್ತು. ಇನ್ನೊಂದು ಜೊತೆ ಇಟ್ಟುಕೊಳ್ಳಿ ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವವನ ಹತ್ತಿರ ಇನ್ನೊಂದು ಜೊತೆ ಇರಲಿಲ್ಲ.

ಒಬ್ಬರಿಗೆ ದೂರದ್ದು ಕಾಣುವುದಿಲ್ಲ, ಇನ್ನೊಬ್ಬರಿಗೆ ನೆಟ್ಟಗೆ ಕೂರಲು ಬರುವುದಿಲ್ಲ, ಮತ್ತೊಮ್ಮೆ ಮಗುಚಿದರೆ ದೋಣಿ ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದಳು ದೋಣಿಯಾಕೆ. "ಹನ್ನೊಂದಕ್ಕೆ ಬಸ್ಸಿದೆ, ಆರಾಮಾಗಿ ಹೋಗಿ."

ಬಸ್ಸು ಎಂದದ್ದೇ ತಡ, ಕಂಡಕ್ಟರ ಮುಖ ಇಂಗು ತಿಂದ ಮಂಗನಂತಾಯಿತು. ಅದು ಮಸುಕಾಗಿಯಾದರೂ ಅಳಿಯನಿಗೆ ಕಂಡಿರಬೇಕು.

"ಮಾವ, ಬಸ್ಸಲ್ಲಿ ನೀವು ಎಲ್ಲಿ ನಿಲ್ತಿದ್ರಿ?"

"ಹಿಂದಿನ ಬಾಗಿಲಲ್ಲಿ."

"ಹಾಗಾದ್ರೆ ಹಿಂದೇನೇ ಕೂತ್ಕೊಳ್ಳಿ. ತಿರುಗಿ ನೋಡೋಕೆ ಅಲ್ಲಿ ಯಾರೂ ಇರಲ್ಲ. ನನಗೆ ಕಣ್ಣಲ್ವಾ ಕಾಣದೇ ಇರೋದು, ಕಿವಿ ಚೆನ್ನಾಗಿದೆ. ನೀವು ವಿಷಲ್ ಹೊಡೀರಿ."

ಆದರೆ ದೋಣಿಯಲ್ಲಿ ದಿಕ್ಕು ನೋಡಿಕೊಳ್ಳಬೇಕಾದವನು ಹಿಂದೆ ಕೂತವನೇ. ಇಷ್ಟು ವರ್ಷ ಸ್ಟಿಯರಿಂಗ್ ಬೇರೆಯವರ ಕೈಯಲ್ಲಿತ್ತು. ಕಂಡಕ್ಟರಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಹುಟ್ಟು ಹಿಡಿದು, ಹಲ್ಲಿನ ನಡುವೆ ವಿಷಲ್ ಕಚ್ಚಿ, ಎರಡು ಸಲ ಊದಿದರು. ದೋಣಿ ಹೊರಟಿತು.

ಕೊಲ್ಲಿಯ ನಡುವೆ ಕಪ್ಪು ಬಂಡೆಗಳ ಸಾಲು ಎದುರಾಯಿತು. ಕಂಡಕ್ಟರು ಒಂದು ಸಲ ಊದಿದರು. ಅಳಿಯನ ಹುಟ್ಟು ಗಾಳಿಯಲ್ಲೇ ನಿಂತಿತು; ಯಾಕೆ, ಏನು ಎಂದು ಅವನು ಕೇಳಲಿಲ್ಲ. ಹೇಳಿದ ಕೂಡಲೇ ನಿಲ್ಲಿಸುವ ಡ್ರೈವರು ಇಡೀ ನೌಕರಿಯಲ್ಲಿ ಒಬ್ಬನೂ ಸಿಕ್ಕಿರಲಿಲ್ಲ. ಬೆನ್ನ ಹಿಂದೆ ದೊಡ್ಡ ಅಲೆಯೊಂದು ಮುರಿದು ಬಿದ್ದ ಸದ್ದಾಯಿತು. ತಿರುಗಲು ಕುತ್ತಿಗೆ ಕಡಿಯಿತು. ಅವರು ತಿರುಗಲಿಲ್ಲ. ದೋಣಿಯ ಮೂತಿಯನ್ನು ಬಂಡೆಗಳ ಸಂದಿಗೆ ಹಿಡಿದು, ಮತ್ತೆ ಎರಡು ಸಲ ಊದಿದರು. ಸಂದಿಯಿಂದಾಚೆ ನೀರು ಸಮವಾಗಿತ್ತು.

ದೀಪಸ್ತಂಭದ ದಡದ ಮೇಲೆ, ರಸ್ತೆ ಬದಿಯ ಬಸ್ ಸ್ಟಾಪಿನಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದಳು ಮೊಮ್ಮಗಳು. ವಿಷಲ್ ಕೇಳಿದ್ದೇ ಕತ್ತು ಉದ್ದ ಮಾಡಿ ಖಾಲಿ ರಸ್ತೆಯನ್ನು ಹುಡುಕಿದಳು. ಅಮ್ಮ ಅವಳ ಭುಜ ಹಿಡಿದು ಇತ್ತ ತಿರುಗಿಸಿದಳು. ಒಂದು ಕ್ಷಣ ಬಾಯಿ ತೆರೆದು ನಿಂತವಳು, ಮರುಕ್ಷಣ ಚಪ್ಪಲಿ ಬಿಸಾಕಿ ನೀರಿನತ್ತ ಓಡಿಬಂದಳು.

ಏನೂ ಕಾಣದ ಅಳಿಯ ಮುಂದಿನಿಂದ ಕೇಳಿದ: "ಮಾವ, ಸ್ಟಾಪ್ ಬಂತಾ?"

ಒಂದು ಸಲ ಊದಬೇಕಿತ್ತು. ಕಂಡಕ್ಟರು ವಿಷಲ್ ಮರೆತು ಮೊಮ್ಮಗಳಿಗೆ ಕೈ ಬೀಸುತ್ತಿದ್ದರು. ದೋಣಿ ತಾನಾಗಿಯೇ ಮರಳಿಗೆ ತಾಗಿ ನಿಂತಿತು.